ಆಪ್ತಸಮಾಲೋಚಕರೇ, ವೃತ್ತಿಗೂ ಒಂದು ಉಯಿಲು ಬರೆದಿಡಿ

ಒಬ್ಬರೇ ಕ್ಲಿನಿಕ್ ನಡೆಸುವ ಆಪ್ತಸಮಾಲೋಚಕರಿಗೆ ಈ ಮಾತು. ನಾಳೆ ನೀವು ಹಠಾತ್ತನೆ ಆಸ್ಪತ್ರೆ ಸೇರಿದರೆ, ಅಥವಾ ಇಲ್ಲವಾದರೆ, ಸಂಜೆ ಬರಬೇಕಿದ್ದವರಿಗೆ ಸುದ್ದಿ ಮುಟ್ಟಿಸುವವರು ಯಾರು? ಬೀಗ ಹಾಕಿದ ಬಾಗಿಲೆದುರು ನಿಂತೋ, ಯಾರದೋ ವಾಟ್ಸ್ಆ್ಯಪ್ ಸ್ಟೇಟಸ್ ನೋಡಿಯೋ ಅವರಿಗದು ತಿಳಿಯಬಾರದು. ಅಗಲಿಕೆಯ ನೋವನ್ನೇ ನಿಮ್ಮ ಬಳಿ ಹೇಳಿಕೊಳ್ಳುತ್ತಿದ್ದವರಿಗೆ ಅದು ಇನ್ನೊಂದು ಪೆಟ್ಟು.

ಆಸ್ತಿಯ ಉಯಿಲು ಇದಕ್ಕೆ ಸಾಲದು. ನಂಬಿಕೆಯ ಸಹೋದ್ಯೋಗಿಯೊಬ್ಬರನ್ನು, ಅವರ ಒಪ್ಪಿಗೆ ಪಡೆದೇ, ಹೊಣೆಗಾರರೆಂದು ಬರೆದಿಡಿ. ಬದಲಿಗೆ ಇನ್ನೊಬ್ಬರೂ ಇರಲಿ. ಮನೆಯವರ ತಲೆಗೆ ಮಾತ್ರ ಇದನ್ನು ಕಟ್ಟಬೇಡಿ. ದುಃಖದಲ್ಲಿರುವವರ ಕೈಗೆ ಅಪರಿಚಿತರ ಗುಟ್ಟುಗಳ ಕಡತ ಕೊಡುವುದು ಇಬ್ಬರಿಗೂ ಅನ್ಯಾಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೌಪ್ಯತೆಯನ್ನು ಹಕ್ಕೆಂದೇ ಕರೆದಿದೆ.

ಕಡತ, ಕೀಲಿ, ಪಾಸ್‌ವರ್ಡ್ ಎಲ್ಲಿವೆ ಎಂಬುದು ಈ ವೃತ್ತಿಯ ಉಯಿಲಿನಲ್ಲಿರಲಿ. ಅದಕ್ಕಿಂತ ಮುಖ್ಯ, ಮೊದಲು ಯಾರಿಗೆ ಕರೆ ಮಾಡಬೇಕು ಎಂಬುದು: ಸಾವಿನ ಯೋಚನೆಯೊಂದಿಗೆ ಹೆಣಗುತ್ತಿರುವವರು ಒಂದು ದಿನವೂ ಕಾಯುವಂತಾಗಬಾರದು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ನೀತಿಸಂಹಿತೆ ಇಂಥ ಮುಂಸಿದ್ಧತೆಯನ್ನು ವೃತ್ತಿಧರ್ಮದೊಳಗೇ ಸೇರಿಸಿದೆ. ಈ ಏರ್ಪಾಡನ್ನು ಮೊದಲ ಭೇಟಿಯ ಒಪ್ಪಿಗೆ ಪತ್ರದಲ್ಲೇ ತಿಳಿಸಿ, ಬರುವವರು ಬದಲಾದಂತೆ ಪಟ್ಟಿಯನ್ನೂ ತಿದ್ದುತ್ತಿರಿ.