ಗಣಕಯಂತ್ರಗಳ ಸಂಧಿಕಾರ್ಯ

ಹುಬ್ಬಳ್ಳಿ–ಧಾರವಾಡ ಅವಳಿ ನಗರಗಳಲ್ಲಿ ಒಂದನ್ನು ವಾಣಿಜ್ಯನಗರಿಯೆಂದೂ ಇನ್ನೊಂದನ್ನು ವಿದ್ಯಾನಗರಿಯೆಂದೂ ಕರೆಯುವುದು ವಾಡಿಕೆ. ಅಂಗಡಿಯ ಲೆಕ್ಕವೇ ಬೇರೆ, ಶಾಲೆಯ ವ್ಯಾಕರಣವೇ ಬೇರೆ ಎಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಇಂದು ವ್ಯಾಪಾರಸಂಸ್ಥೆಗಳ ಗಣಕಯಂತ್ರಗಳು ಪರಸ್ಪರ ಮಾತನಾಡುವ ಬಗೆಯನ್ನು ವಿಚಾರಿಸಿದರೆ, ಇವೆರಡೂ ಒಂದೇ ನೆಲೆಯಲ್ಲಿ ಸಂಧಿಸುವುದು ಕಂಡುಬರುತ್ತದೆ.

ಹಿಂದೆ ಹುಬ್ಬಳ್ಳಿಯ ಹತ್ತಿಯ ವ್ಯಾಪಾರಿಯ ಲೆಕ್ಕವು ಅವನ ಗದ್ದುಗೆಯ ಬಳಿಯ ಕೀರ್ದಿಯಲ್ಲಿ ಇರುತ್ತಿತ್ತು. ಮುಂಬಯಿಯ ಧಾರಣೆ ಪತ್ರದಲ್ಲಿಯೋ ತಂತಿಯಲ್ಲಿಯೋ ಬರುತ್ತಿತ್ತು. ಹಣವು ಹುಂಡಿಯ ಮೂಲಕ ಸಂಚರಿಸುತ್ತಿತ್ತು. ಅಂದರೆ ಸುದ್ದಿ ಚಲಿಸುತ್ತಿತ್ತೇ ಹೊರತು ಲೆಕ್ಕದ ಪುಸ್ತಕ ಚಲಿಸುತ್ತಿರಲಿಲ್ಲ. ನಮ್ಮ ದೇಶದ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ಮುಕ್ತಾಯವಾಯಿತು. ಅಷ್ಟು ಹೊತ್ತಿಗೆ ಕೀರ್ದಿಯೇ ಜಾಲದೊಳಗೆ ಸೇರಿ, ಎಲ್ಲ ಊರುಗಳಿಂದಲೂ ಏಕಕಾಲಕ್ಕೆ ಕಾಣುವಂತಾಗಿತ್ತು. ಬದಲಾವಣೆಯ ಮರ್ಮ ಇರುವುದು ಇಲ್ಲಿಯೇ.

ಬ್ಯಾಂಕಿನ ಒಂದು ಶಾಖೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಶಾಖೆಯ ಗಣಕಯಂತ್ರಗಳೆಲ್ಲ ಒಳಗಿನ ತಂತಿಗಳಿಂದ ಕೂಡಿ ‘ರೂಟರ್’ ಎಂಬ ಪೆಟ್ಟಿಗೆಯನ್ನು ಸೇರುತ್ತವೆ. ಯಾವ ಸಂದೇಶ ಯಾವ ಹಾದಿಯಲ್ಲಿ ಹೋಗಬೇಕೆಂದು ನಿಶ್ಚಯಿಸುವುದೇ ಇದರ ಕೆಲಸ. ಅಲ್ಲಿಂದ ದೂರಸಂಪರ್ಕ ಸಂಸ್ಥೆಯಿಂದ ಬಾಡಿಗೆಗೆ ಪಡೆದ ಮಾರ್ಗದ ಮೂಲಕ, ಬಹುಮಟ್ಟಿಗೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಳಗೆ ಬೆಳಕಿನ ರೂಪದಲ್ಲಿ, ಸಂದೇಶವು ದೂರದ ದತ್ತಾಂಶ ಕೇಂದ್ರವನ್ನು ತಲಪುತ್ತದೆ. ಎಳೆ ತಲಪದ ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ಸಂಪರ್ಕ ಕಲ್ಪಿಸುವುದುಂಟು. ಖಾತೆಯ ಲೆಕ್ಕವು ಶಾಖೆಯಲ್ಲಿ ಇರುವುದಿಲ್ಲ, ಕೇಂದ್ರದಲ್ಲಿ ಇರುತ್ತದೆ. ಆದುದರಿಂದಲೇ ಒಂದು ಶಾಖೆಯ ಗ್ರಾಹಕನು ಇಂದು ಇಡೀ ಬ್ಯಾಂಕಿನ ಗ್ರಾಹಕನಾಗಿದ್ದಾನೆ.

ಸಂದೇಶವು ಇಡಿಯಾಗಿ ಹೋಗುವುದಿಲ್ಲವೆಂಬುದನ್ನು ಗಮನಿಸಬೇಕು. ಅದು ಸಣ್ಣ ಸಣ್ಣ ಕಟ್ಟುಗಳಾಗಿ ಒಡೆದು ಸಾಗಿ, ತಲಪಿದೆಡೆಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಈ ಕೂಡುವಿಕೆಯ ನಿಯಮಗಳ ಮೂಲರೂಪವನ್ನು 1974ರಲ್ಲಿ ಅಮೆರಿಕದ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಕನ್ನಡ ವ್ಯಾಕರಣ ಬಲ್ಲವರಿಗೆ ಇದರ ತೊಡಕು ಸುಲಭವಾಗಿ ತಿಳಿಯುತ್ತದೆ. ಪದಗಳು ಕೂಡುವಾಗ ಲೋಪ, ಆಗಮ, ಆದೇಶಗಳೆಂಬ ಮೂರು ಮಾರ್ಪಾಡುಗಳು ಉಂಟಾಗುವುದನ್ನು ನಮ್ಮ ಮಕ್ಕಳು ಪ್ರೌಢಶಾಲೆಯಲ್ಲಿ ಓದುತ್ತಾರೆ. ‘ಊರು’ ಮತ್ತು ‘ಅಲ್ಲಿ’ ಕೂಡಿದಾಗ ‘ಊರಲ್ಲಿ’ ಆಗಿ ಉಕಾರ ಬಿದ್ದುಹೋಗುತ್ತದೆ. ‘ಮನೆ’ಗೆ ‘ಅನ್ನು’ ಸೇರಿ ‘ಮನೆಯನ್ನು’ ಆಗುವಾಗ ಯಕಾರ ಹೊಸದಾಗಿ ಬರುತ್ತದೆ. ‘ಮಳೆ’ ಮತ್ತು ‘ಕಾಲ’ ಕೂಡಿ ‘ಮಳೆಗಾಲ’ವಾಗುವಾಗ ಕಕಾರದ ಸ್ಥಾನಕ್ಕೆ ಗಕಾರ ಬರುತ್ತದೆ.

ಭಾಷೆಯಲ್ಲಿ ಇವು ಸೊಗಸು; ಲೆಕ್ಕದಲ್ಲಿಯಾದರೋ ಅನರ್ಥ. ಮಾರ್ಗಮಧ್ಯದಲ್ಲಿ ಒಂದು ಕಟ್ಟು ಕಳೆದುಹೋದರೆ ಅದು ಲೋಪ. ಒಂದೇ ಕಟ್ಟು ಎರಡು ಬಾರಿ ಬಂದರೆ ಆಗಮ. ಒಂದು ಅಂಕಿ ಕೆಟ್ಟು ಮತ್ತೊಂದಾದರೆ ಆದೇಶ. ಈ ಮೂರಕ್ಕೂ ಪರಿಹಾರಗಳಿವೆ. ಪ್ರತಿಯೊಂದು ಕಟ್ಟಿಗೂ ಕ್ರಮಸಂಖ್ಯೆ ಇರುತ್ತದೆ. ಬಂದು ಮುಟ್ಟಿತೆಂಬ ಮರುಸಂದೇಶ ದೊರೆಯದಿದ್ದರೆ ಕಳುಹಿದ ಯಂತ್ರವು ಅದನ್ನು ಮತ್ತೊಮ್ಮೆ ಕಳುಹುತ್ತದೆ. ಒಂದೇ ಸಂಖ್ಯೆಯ ಕಟ್ಟು ಎರಡನೆಯ ಸಲ ಬಂದರೆ ಅದನ್ನು ತ್ಯಜಿಸಲಾಗುತ್ತದೆ. ಮೂರನೆಯ ದೋಷಕ್ಕೆ ತಾಳೆಯೇ ಮದ್ದು.

ತಾಳೆಯ ಕ್ರಮವನ್ನು ಹಲಗೆಯ ಮೇಲೆ ಬರೆದು ತೋರಿಸಬಹುದು. 4, 7, 2, 9 ಎಂಬ ಅಂಕಿಗಳನ್ನು ಕಳುಹುವಾಗ ಅವುಗಳ ಮೊತ್ತವಾದ 22ನ್ನೂ ಜೊತೆಗೆ ಕಳುಹಿದರೆ, 7ರ ಬದಲು 1 ಬಂದೊಡನೆ ಮೊತ್ತ 16 ಆಗಿ ತಪ್ಪು ಬಯಲಾಗುತ್ತದೆ. ಆದರೆ 7 ಮತ್ತು 2 ಅದಲುಬದಲಾದರೆ ಮೊತ್ತ ಬದಲಾಗದು. ಆದಕಾರಣ ಪ್ರತಿ ಅಂಕಿಯನ್ನೂ ಅದರ ಸ್ಥಾನದಿಂದ ಗುಣಿಸಿ ಕೂಡಬೇಕು. ಆಗ ಮೊದಲಿನ ಸಾಲಿಗೆ 60, ಅದಲುಬದಲಾದ ಸಾಲಿಗೆ 65 ಬಂದು ದೋಷ ಸಿಕ್ಕಿಬೀಳುತ್ತದೆ. ಯಂತ್ರಗಳ ತಾಳೆ ಇದಕ್ಕಿಂತ ಸೂಕ್ಷ್ಮವಾದುದು. ತತ್ತ್ವ ಮಾತ್ರ ಇದೇ.

ಒಂದು ಸಂಸ್ಥೆಯೊಳಗಿನ ಜೋಡಣೆಗಿಂತ ಸಂಸ್ಥೆ ಸಂಸ್ಥೆಗಳ ಜೋಡಣೆ ಕಠಿಣವಾದುದು. 1999ರಲ್ಲಿ ಬ್ಯಾಂಕುಗಳಿಗಾಗಿಯೇ ‘ಇನ್ಫಿನೆಟ್’ ಎಂಬ ಜಾಲ ಆರಂಭವಾಯಿತು. 2004ರಲ್ಲಿ ಆರ್.ಟಿ.ಜಿ.ಎಸ್., 2005ರಲ್ಲಿ ಎನ್.ಇ.ಎಫ್.ಟಿ. ಎಂಬ ಹಣ ವರ್ಗಾವಣೆಯ ಕ್ರಮಗಳು ಬಂದವು. ಅದೇ 2005ರಲ್ಲಿ ಮಲಪ್ರಭಾ, ಬಿಜಾಪುರ, ವರದಾ, ನೇತ್ರಾವತಿ ಗ್ರಾಮೀಣ ಬ್ಯಾಂಕುಗಳು ಕೂಡಿ, ಧಾರವಾಡವನ್ನು ಕೇಂದ್ರವಾಗುಳ್ಳ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಜನ್ಮತಾಳಿತು. 2025ರ ಮೇ 1ರಂದು ಅದೂ ಸಹ ಬಳ್ಳಾರಿ ಕೇಂದ್ರವಾದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಐಕ್ಯವಾಯಿತು. ಹೆಸರುಫಲಕ ಬದಲಿಸಲು ಒಂದು ದಿನ ಸಾಕು. ಎರಡು ಸಂಸ್ಥೆಗಳ ಖಾತೆಗಳನ್ನು, ಒಬ್ಬ ರೈತನ ಒಂದು ರೂಪಾಯಿಯೂ ಲೋಪವಾಗದಂತೆ, ಒಂದುಗೂಡಿಸುವುದು ಅಷ್ಟು ಸುಲಭವಲ್ಲ.

ಬ್ಯಾಂಕಿನಂತೆಯೇ ಪೇಟೆಯೂ ಜಾಲಕ್ಕೆ ಸೇರಿದೆ. 2014ರಲ್ಲಿ ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಗಿ, ಹುಬ್ಬಳ್ಳಿಯ ಅಮರಗೋಳದ ಎ.ಪಿ.ಎಂ.ಸಿ. ಪ್ರಾಂಗಣದಂತಹ ಮಾರುಕಟ್ಟೆಗಳಿಗೆ ವಿಸ್ತರಿಸಿತು. ರೈತನ ಮಾಲು ಒಳಬಂದಾಗ ಅದಕ್ಕೊಂದು ಸಂಖ್ಯೆ. ಖರೀದಿದಾರರು ತಂತಮ್ಮ ಧಾರಣೆಯನ್ನು ಗಣಕಯಂತ್ರದಲ್ಲಿ ನಮೂದಿಸುತ್ತಾರೆ. ಗಡುವು ಮುಗಿದೊಡನೆ ಎಲ್ಲಕ್ಕೂ ಹೆಚ್ಚಿನ ಬೆಲೆಯನ್ನು ಯಂತ್ರ ಪ್ರಕಟಿಸುತ್ತದೆ. ಒಬ್ಬನ ಬೆಲೆ ಇನ್ನೊಬ್ಬನಿಗೆ ಮುಂಚಿತವಾಗಿ ತಿಳಿಯದಂತಿರುವುದು ಇಲ್ಲಿಯ ಗುಣ. ಬೆಲೆ ಒಪ್ಪದಿದ್ದರೆ ನಿರಾಕರಿಸುವ ಅಧಿಕಾರ ರೈತನಿಗೆ ಉಂಟು.

ಇಷ್ಟಾದರೂ ‘ಲಿಂಕ್ ಇಲ್ಲ’ ಎಂಬ ಎರಡು ಮಾತುಗಳನ್ನು ಕೇಳದ ಊರಿಲ್ಲ. ಹತ್ತು ಮೈಲು ನಡೆದು ಪಿಂಚಣಿಗೆ ಬಂದ ಮುದುಕಿಗೆ ಆ ಮಾತು ಒಂದು ದಿನದ ಅನ್ನದ ಪ್ರಶ್ನೆ. ರಸ್ತೆ ಅಗೆಯುವ ಯಂತ್ರದ ಒಂದು ಹೊಡೆತಕ್ಕೆ ಗಾಜಿನ ಎಳೆ ತುಂಡಾಗಬಹುದು. ಆದುದರಿಂದ ಎರಡು ಮಾರ್ಗಗಳನ್ನು ಇಡುತ್ತಾರೆ. ಆದರೆ ಎರಡೂ ಒಂದೇ ಕಾಲುವೆಯಲ್ಲಿ ಹೂಳಲ್ಪಟ್ಟಿದ್ದರೆ ಎರಡಿದ್ದೂ ಒಂದೇ. ವ್ಯವಹಾರದ ನಡುವೆ ಸಂಪರ್ಕ ಕಡಿದರೆ, ಕೊಟ್ಟವನ ಖಾತೆಯಲ್ಲಿ ಕಳೆದುದು ಪಡೆದವನ ಖಾತೆಗೆ ಸೇರಬೇಕು, ಇಲ್ಲವೆ ಎರಡೂ ನಡೆಯಲೇ ಇಲ್ಲವೆಂದು ಮೊದಲಿನಂತಾಗಬೇಕು, ಅರ್ಧಕ್ಕೆ ನಿಲ್ಲಕೂಡದು. ಎ.ಟಿ.ಎಂ.ನಲ್ಲಿ ಹಣ ಬಾರದೆ ಖಾತೆಯಿಂದ ಕಳೆದುಹೋದರೆ ಐದು ದಿನಗಳೊಳಗೆ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಜರ್ವ್ ಬ್ಯಾಂಕು 2019ರಲ್ಲಿ ವಿಧಿಸಿತು. ಈ ನಿಯಮ ತಿಳಿಯದೆ ಸುಮ್ಮನಾಗುವವರೇ ಹೆಚ್ಚು.

ಜಾಲಕ್ಕೊಂದು ಮಿತಿಯೂ ಇದೆ. ಕಳುಹಿದ ಅಂಕಿ ಕೆಡದೆ ತಲಪಿತೇ ಎಂದು ಅದು ನೋಡಬಲ್ಲದು; ಕಳುಹುವವನೇ ತಪ್ಪು ಖಾತೆಯ ಸಂಖ್ಯೆ ಬರೆದರೆ ತಪ್ಪನ್ನೇ ನಿಷ್ಠೆಯಿಂದ ತಲಪಿಸುತ್ತದೆ. ಆದಕಾರಣವೇ, ಹಣ ಕಳುಹುವ ಮುನ್ನ ಪಡೆಯುವವನ ಹೆಸರನ್ನು ಕಂಡು ಖಚಿತಪಡಿಸಿಕೊಳ್ಳುವ ಸೌಲಭ್ಯವನ್ನು ಆರ್.ಟಿ.ಜಿ.ಎಸ್. ಮತ್ತು ಎನ್.ಇ.ಎಫ್.ಟಿ.ಗಳಲ್ಲಿ 2025ರ ಏಪ್ರಿಲ್ 1ರೊಳಗೆ ಕಲ್ಪಿಸಬೇಕೆಂದು ರಿಜರ್ವ್ ಬ್ಯಾಂಕು ಆಜ್ಞಾಪಿಸಿತು. ಮೋಸದ ಮನಸ್ಸನ್ನು ತಡೆಯುವ ತಾಳೆಯನ್ನು ಮಾತ್ರ ಯಾವ ಯಂತ್ರವೂ ಬಲ್ಲದು ಎನ್ನಲಾಗದು.

ಕಾಯಕ ಶುದ್ಧವಾಗಿರಬೇಕೆಂದು ಶರಣರು ಸಾರಿದ ನಾಡು ಇದು. ಹುಂಡಿಯ ಕಾಲದಲ್ಲಿ ನಂಬಿಗೆಯು ಪರಿಚಿತ ಮುಖದ ಮೇಲೆ ನಿಂತಿತ್ತು; ಇಂದು ಅದು ಕಾಣದ ನಿಯಮದ ಮೇಲೆಯೂ ಆ ನಿಯಮ ಪಾಲಿಸುವ ಕಾಣದ ಕೈಗಳ ಮೇಲೆಯೂ ನಿಂತಿದೆ. ಬ್ಯಾಂಕು, ಪೇಟೆ, ದೂರಸಂಪರ್ಕ ಕಚೇರಿಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಶಾಲೆಗೆ ಬಂದು ತಮ್ಮ ಕೆಲಸದ ಒಳಮರ್ಮವನ್ನು ಮಕ್ಕಳಿಗೆ ವಿವರಿಸಿದರೆ, ಗಣಿತದ ಗುರುಗಳು ತಾಳೆಯ ಪಾಠವನ್ನೂ ಕನ್ನಡದ ಗುರುಗಳು ಸಂಧಿಯ ಪಾಠವನ್ನೂ ಅದಕ್ಕೆ ಹೊಂದಿಸಿಕೊಟ್ಟರೆ, ‘ಲಿಂಕ್ ಇಲ್ಲ’ ಎಂಬ ಮಾತಿಗೆ ತಲೆಬಾಗಿ ಹಿಂದಿರುಗುವ ಬದಲು ‘ಏಕೆ ಇಲ್ಲ, ಎಂದು ಬರುವುದು, ನನ್ನ ಹಣ ಎಲ್ಲಿದೆ’ ಎಂದು ವಿನಯದಿಂದ ಕೇಳಬಲ್ಲ ಪೀಳಿಗೆಯೊಂದು ಸಿದ್ಧವಾದೀತು. ವಿದ್ಯಾದಾನದ ಉದ್ದೇಶವೂ ಇದೇ ಅಲ್ಲವೇ?