ತಕ್ಕಡಿಗೂ ಲೈಸೆನ್ಸ್ ಬೇಕೆ?

ಪುಂಜಾಲಕಟ್ಟೆ ಕಡೆಯ ಹಾಲಿನ ಸೊಸೈಟಿಯವರು, ಅಡಿಕೆ ವ್ಯಾಪಾರಿಗಳು ವಕೀಲರ ಹತ್ತಿರ ಬರುವುದು ಸಾಮಾನ್ಯವಾಗಿ ದುಡ್ಡು ಕೊಟ್ಟಾದ ಮೇಲೆ. ಕೈಯಲ್ಲಿ ಒಂದು ಬಿಲ್ ಇರುತ್ತದೆ: ‘ಸಾಫ್ಟ್‌ವೇರ್ ಮತ್ತು ಇನ್‌ಸ್ಟಾಲೇಶನ್ – 1’. ಯಾವ ಸಾಫ್ಟ್‌ವೇರ್, ಯಾರ ಹೆಸರಿನ ಲೈಸೆನ್ಸ್, ಎಷ್ಟು ಯಂತ್ರಕ್ಕೆ? ಒಂದಕ್ಷರವೂ ಇಲ್ಲ.

ತೂಕದ ಯಂತ್ರ, ಫ್ಯಾಟ್ ಅಳೆಯುವ ಯಂತ್ರ, ಬೆರಳಚ್ಚು ಹಾಜರಿ ಎಲ್ಲವೂ ತಾವಾಗಿ ಡೇಟಾಬೇಸ್ ಸರ್ವರ್‌ಗೆ ಲೆಕ್ಕ ಕಳಿಸುತ್ತವೆ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರನ್ನು ‘ಸರ್ವರ್ ಮತ್ತು ಕ್ಯಾಲ್’ ಲೆಕ್ಕದಲ್ಲಿ ಕೊಂಡಿದ್ದರೆ, ಅದನ್ನು ಬಳಸುವ ಪ್ರತಿ ವ್ಯಕ್ತಿಗೆ ಅಥವಾ ಪ್ರತಿ ಯಂತ್ರಕ್ಕೆ ಒಂದೊಂದು ಕ್ಯಾಲ್, ಅಂದರೆ ಸರ್ವರ್ ಬಳಸುವ ಲೈಸೆನ್ಸ್, ಬೇಕು. ಮನುಷ್ಯ ಮುಟ್ಟದ ಯಂತ್ರವೂ ಲೆಕ್ಕಕ್ಕೆ ಬರುತ್ತದೆ.

ಜನ ಮುಳುಗುವುದು ಇಲ್ಲೇ. “ಹತ್ತು ಯಂತ್ರವನ್ನೂ ಒಂದೇ ಕಂಪ್ಯೂಟರ್‌ಗೆ ಜೋಡಿಸಿದ್ದೇನೆ, ಸರ್ವರ್‌ಗೆ ಕಾಣುವುದು ಅದೊಂದೇ, ಒಂದು ಕ್ಯಾಲ್ ಸಾಕು” ಎನ್ನುತ್ತಾನೆ ಸಾಫ್ಟ್‌ವೇರ್ ಮಾರುವ ಏಜೆಂಟ್. ಸುಳ್ಳು. ನಡುವೆ ಎಷ್ಟು ಪೆಟ್ಟಿಗೆ ಇಟ್ಟರೂ ಲೆಕ್ಕ ಹಿಂದಿನ ಯಂತ್ರಗಳದ್ದೇ. ಏಜೆಂಟ್ ಕಮಿಷನ್ ಎಣಿಸಿಕೊಂಡು ಹೋಗುತ್ತಾನೆ, ಸಾಫ್ಟ್‌ವೇರ್ ಕಂಪನಿಯ ಆಡಿಟ್ ಪತ್ರ ಬರುವುದು ನಿಮ್ಮ ಹೆಸರಿಗೆ.

ಪ್ರೊಸೆಸರ್‌ನ ಕೋರ್ ಲೆಕ್ಕದಲ್ಲಿ ಕೊಂಡರೆ ಯಂತ್ರ ಎಣಿಸುವ ಗೋಜಿಲ್ಲ. ಆದರೆ ಒಂದು ಪ್ರೊಸೆಸರ್‌ಗೆ ಕನಿಷ್ಠ 4 ಕೋರ್‌ಗೆ ಕಟ್ಟಬೇಕು. ಎಕ್ಸ್‌ಪ್ರೆಸ್ ಆವೃತ್ತಿ ಉಚಿತ, ಕ್ಯಾಲ್ ಬೇಡ. 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ. ಸಣ್ಣ ಸೊಸೈಟಿಗೆ ಅದು ಧಾರಾಳ. ಅದನ್ನೇ ಹಾಕಿ ಹಣ ವಸೂಲಿ ಮಾಡಿದವರಿದ್ದಾರೆ! ಡೆವಲಪರ್ ಆವೃತ್ತಿಯೂ ಉಚಿತವೇ, ಆದರೆ ವ್ಯವಹಾರಕ್ಕೆ ಬಳಸುವಂತಿಲ್ಲ. ಒರಾಕಲ್‌ನಲ್ಲಿ ತಲೆ ಎಣಿಸುವ ಲೈಸೆನ್ಸಾದರೆ, ತಾನಾಗಿ ನಡೆಯುವ ಯಂತ್ರವೂ ಒಂದು ತಲೆ. ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸ್‌ನಲ್ಲಿ ಈ ರಗಳೆಯೇ ಇಲ್ಲ.

ಆಡಿಟ್ ಪತ್ರ ಬಂದರೆ ಹೆದರಿ ಸಹಿ ಹಾಕಬೇಡಿ, ಸಾಫ್ಟ್‌ವೇರ್ ಅಳಿಸಲೂ ಬೇಡಿ. ಕ್ಯಾಲ್ ಕಡಿಮೆ ಬಿದ್ದದ್ದು ಮೊದಲಿಗೆ ಕರಾರಿನ ಲೆಕ್ಕ. ನಕಲಿ ಕೀ ಹಾಕಿದ್ದರೆ ಮಾತು ಬೇರೆ: 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ನಕಲಿ ಎಂದು ತಿಳಿದೂ ಬಳಸಿದವರಿಗೆ 7 ದಿನದಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ‘ತಿಳಿದೂ’ ಎಂಬುದೇ ನಿಮ್ಮ ರಕ್ಷಣೆ, ವಿವರವುಳ್ಳ ಬಿಲ್ ಇದ್ದರೆ ಅದಕ್ಕೆ ಬಲ.

ಏಜೆಂಟನ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಬಹುದೇ? ಹೊಟ್ಟೆಪಾಡಿಗೆ ಸ್ವಂತ ಅಂಗಡಿ ನಡೆಸುವವರು ಹೋಗಬಹುದು. ಸೊಸೈಟಿ ಹೋದರೆ ‘ಇದು ವಾಣಿಜ್ಯ ಉದ್ದೇಶ’ ಎಂಬ ತಕರಾರು ಎದ್ದೇ ಏಳುತ್ತದೆ. ಆಗ ಸಿವಿಲ್ ದಾವೆಯೇ ದಾರಿ, ಅದೂ ಸಾಮಾನ್ಯವಾಗಿ ಮೂರು ವರ್ಷದೊಳಗೆ.