ಕಲ್ಲಿಗಿಂತ ಮೊದಲು ನೀರು ನೋಡು

ಕೂಸೇ,

ಗೆಳತಿಯರ ಜೊತೆ ಪೆರುವಿಗೆ ಹೋಗುತ್ತೇನೆ, ಮಾಚು ಪಿಚು ನೋಡುತ್ತೇನೆ ಅಂತ ನೀನು ಫೋನಿನಲ್ಲಿ ಹೇಳಿದಾಗ ಹಿಗ್ಗಾಯಿತು. ಆಮೇಲೆ ನೀನು ಕಳಿಸಿದ ದಿನಚರಿ ಓದಿದೆ. ಮೊದಲ ದಿನ ಕುಸ್ಕೊ, ಎರಡನೆಯ ದಿನ ನಸುಕಿಗೇ ರೈಲು, ಮಧ್ಯಾಹ್ನ ಮಾಚು ಪಿಚು, ರಾತ್ರಿ ವಾಪಸ್ಸು, ಮೂರನೆಯ ದಿನ ವಿಮಾನ. ಅಷ್ಟು ದೂರ ಹೋಗಿ ಉರುಬಾಂಬಾ ಕಣಿವೆಯನ್ನು ಬರೀ ರೈಲಿನ ಕಿಟಕಿಯಿಂದ ದಾಟಿಬಿಡುತ್ತೀಯ. ಈ ದಿನಚರಿ ಬದಲಿಸು. ನಾಲ್ಕು ದಿನವಾದರೂ ಕಣಿವೆಗೇ ಕೊಡು. 2018ರಲ್ಲಿ ನಿನ್ನ ಚಿಕ್ಕಪ್ಪನ ಜೊತೆ ಹೋಗಿ ಬಂದವನು ಅಂತ ಮಾತ್ರ ಈ ಮಾತು ಹೇಳುತ್ತಿಲ್ಲ. ಅಡಿಕೆ ತೋಟದಲ್ಲಿ ಆಯುಷ್ಯವಿಡೀ ಬಸಿಗಾಲುವೆ ಎತ್ತಿಸಿದವನು ನಾನು. ನೀರು ನಿಂತರೆ ಬೇರು ಕೊಳೆಯುತ್ತದೆ, ನೀರು ನುಗ್ಗಿದರೆ ಧರೆ ಕುಸಿಯುತ್ತದೆ ಅನ್ನುವುದು ನನಗೆ ಗೊತ್ತಿರುವ ಒಂದೇ ವಿದ್ಯೆ. ಆ ಕಣಿವೆಯಲ್ಲಿ ನನ್ನ ಕಣ್ಣು ತೆರೆಸಿದ್ದೂ ಅದೇ.

ಮೊದಲು ಎತ್ತರದ ಮಾತು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಕುಸ್ಕೊ ಊರು ಇರುವುದು 3,400 ಮೀಟರ್ ಎತ್ತರದಲ್ಲಿ. ಲಿಮಾ ಇರುವುದು ಕಡಲ ಮಟ್ಟದಲ್ಲಿ. ಅಲ್ಲಿಂದ ವಿಮಾನದಲ್ಲಿ ಒಂದೂವರೆ ಗಂಟೆಯೊಳಗೆ ಅಷ್ಟು ಮೇಲಕ್ಕೆ ಹೋದರೆ ದೇಹ ಒಪ್ಪುವುದಿಲ್ಲ. ನಾನು ಇಳಿದ ದಿನವೇ ಸಾಕ್ಸಾಯ್‌ವಾಮನ್ ಕೋಟೆಯ ಗುಡ್ಡ ಹತ್ತಿದೆ. ರಾತ್ರಿಯಿಂದ ತಲೆ ಸಿಡಿಯತೊಡಗಿ, ವಾಂತಿಯಾಗಿ, ಎರಡು ದಿನ ಹಾಸಿಗೆ ಹಿಡಿದೆ. ಆ ಎರಡು ದಿನ ಹೋದವೆಂಬ ಬೇಸರ ಇನ್ನೂ ಇದೆ. ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಕಟ್ಟುಮಸ್ತು ಹುಡುಗರೂ ಕುಸಿದು ಕೂತದ್ದನ್ನು ಕಂಡಿದ್ದೇನೆ. ಆದ್ದರಿಂದ ಕುಸ್ಕೊದಲ್ಲಿ ಇಳಿದವಳು ಅಲ್ಲಿ ನಿಲ್ಲಬೇಡ, ನೇರ ಕಣಿವೆಗೆ ಇಳಿ. ಅಲ್ಲಿನ ಓಯಾಂತಾಯ್ತಾಂಬೊ ಊರು 2,800 ಮೀಟರಿನ ಆಸುಪಾಸಿನಲ್ಲಿದೆ. ಅಲ್ಲಿ ಎರಡು ರಾತ್ರಿ ಮಲಗು, ನೀರು ಚೆನ್ನಾಗಿ ಕುಡಿ, ಊಟ ಹಗುರವಾಗಿರಲಿ. ಕುಸ್ಕೊವನ್ನು ಕೊನೆಗೆ ನೋಡು. ಅಲ್ಲಿನವರು ಕೋಕಾ ಎಲೆಯ ಕಷಾಯ ಕೊಡುತ್ತಾರೆ. ಅವರ ನೆಲದಲ್ಲಿ ಅದು ನಮ್ಮ ವೀಳ್ಯದೆಲೆಯಷ್ಟು ಸಹಜ, ಪೂಜೆಗೂ ಬೇಕು. ಆದರೆ ನೆನಪಿಗೆ ಇರಲಿ ಅಂತ ಅದರ ಒಂದು ಪೊಟ್ಟಣವನ್ನೂ ಚೀಲಕ್ಕೆ ಹಾಕಿಕೊಳ್ಳಬೇಡ. ನಮ್ಮ ದೇಶದ ಕಾನೂನಿನಲ್ಲಿ ಅದು ಮಾದಕ ವಸ್ತು.

ಇನ್ನು ಕಣಿವೆ. ಅಲ್ಲಿನ ಪಿಸಾಕ್ ಊರಿನಲ್ಲಿ ಗುಡ್ಡದ ಮೇಲಿನಿಂದ ಕೆಳಗೆ ನೋಡು. ಮೆಟ್ಟಿಲು ಮೆಟ್ಟಿಲಾಗಿ ಹೊಲಗಳು, ಪ್ರತಿ ಮೆಟ್ಟಿಲಿಗೂ ಕಲ್ಲಿನ ತಡೆಗೋಡೆ. ಎಲ್ಲರೂ ಅದರ ಚಂದಕ್ಕೆ ಫೋಟೊ ತೆಗೆಯುತ್ತಾರೆ. ನೀನು ಅದರ ಹೊಟ್ಟೆಯನ್ನು ಯೋಚಿಸು. ಗೋಡೆಯ ಹಿಂದೆ ತಳಕ್ಕೆ ದೊಡ್ಡ ಕಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ಮರಳು, ಕೊನೆಗೆ ಮೇಲ್ಮಣ್ಣು. ಮಳೆ ಎಷ್ಟೇ ಹೊಯ್ದರೂ ನೀರು ಇಂಗಿ, ಬಸಿದು, ಸದ್ದಿಲ್ಲದೆ ಕೆಳಗಿಳಿಯುತ್ತದೆ. ಗೋಡೆಗೆ ಒತ್ತಡ ಬೀಳುವುದಿಲ್ಲ. ಹಗಲಿಡೀ ಬಿಸಿಲು ಕುಡಿದ ಕಲ್ಲು ರಾತ್ರಿ ಹಿಮ ಬೀಳುವಾಗ ಬೆಳೆಗೆ ಬೆಚ್ಚಗೆ. ಕೆಳಗೆ ಉರುಬಾಂಬಾ ನದಿ ಒಂದು ಕಡೆ ಗೆರೆ ಎಳೆದ ಹಾಗೆ ನೇರ ಹರಿಯುತ್ತದೆ. ಸ್ಪೇನಿನವರು ಬರುವ ಮೊದಲು ಆ ನಾಡನ್ನು ಆಳುತ್ತಿದ್ದ ಇಂಕಾಗಳು ಕಲ್ಲಿನ ದಡ ಕಟ್ಟಿ ಅದನ್ನು ನೇರ ಮಾಡಿದರು, ಹೊಲಕ್ಕೆ ಜಾಗ ಸಿಗಲಿ ಅಂತ. ಅವರ ಬಳಿ ಕಬ್ಬಿಣ ಇರಲಿಲ್ಲ, ಗಾಡಿಯ ಚಕ್ರ ಇರಲಿಲ್ಲ, ಎತ್ತು ಇರಲಿಲ್ಲ. ಲಾಮಾ ಎಂಬ ಪ್ರಾಣಿಯೊಂದಿತ್ತು. ಅದು ಹೊರುವುದು ಹೆಚ್ಚೆಂದರೆ ಒಂದು ಸಣ್ಣ ಮೂಟೆ.

ಅಲ್ಲಿನ ಸಂತೆಯಲ್ಲಿ ಆಲೂಗಡ್ಡೆ ನೋಡಲು ಮರೆಯಬೇಡ. ನೇರಳೆ, ಕೆಂಪು, ಕಪ್ಪು, ಗಂಟುಗಂಟಾದ ಬೆರಳಿನಂಥವು. ಪಿಸಾಕ್ ಮೇಲಿನ ಬೆಟ್ಟದ ಹಳ್ಳಿಗಳು ಒಟ್ಟಾಗಿ ಸಾವಿರಕ್ಕೂ ಹೆಚ್ಚು ತಳಿಗಳನ್ನು ಹೊಲದಲ್ಲೇ ಉಳಿಸಿಕೊಂಡಿವೆ. ಮೇಲಿನ ಬಯಲಿನಲ್ಲಿ ಗೆಡ್ಡೆಯನ್ನು ರಾತ್ರಿ ಹಿಮಕ್ಕೆ ಒಡ್ಡಿ, ಹಗಲು ಕಾಲಲ್ಲಿ ತುಳಿದು ನೀರು ತೆಗೆದು, ಒಣಗಿಸಿ ‘ಚುನ್ಯೊ’ ಮಾಡುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಮಳೆಗಾಲಕ್ಕೆ ನಿನ್ನ ಅಜ್ಜಿ ಮಾಡಿಡುವ ಹಪ್ಪಳ ಸಂಡಿಗೆಯ ಹಾಗೆಯೇ ಅದು ಬರಗಾಲಕ್ಕೆ ಇಟ್ಟ ಗಂಟು. ಹಾಸನದ ರೈತ ಬೆಳೆಯುವ ಆಲೂಗಡ್ಡೆಯ ತವರು ಈ ಬೆಟ್ಟಗಳೇ. ನಮ್ಮ ಒಣಮೆಣಸು, ಟೊಮೆಟೊ, ಶೇಂಗಾ ಕೂಡ ಆ ಖಂಡದಿಂದಲೇ ಬಂದವು. ಅವು ಬರುವ ಮೊದಲು ನಮ್ಮಲ್ಲಿ ಮೆಣಸು ಅಂದರೆ ಕಾಳುಮೆಣಸು ಒಂದೇ. ಆ ಸಂತೆಯಲ್ಲಿ ಗೆಡ್ಡೆ ಮಾರುವ ಹೆಂಗಸಿಗೆ ನಾವು ಋಣಿಗಳು ಅಂತ ನನಗೆ ನಿಂತಲ್ಲೇ ಅನ್ನಿಸಿತು. ಅವಳ ಹತ್ತಿರ ಚೌಕಾಸಿ ಮಾಡಬೇಡ. ಅವಳ ಭಾಷೆ ಕೆಚುವಾ. ‘ಸುಲ್ಪಾಯ್ಕಿ’ ಅಂದರೆ ಧನ್ಯವಾದ. ಅಷ್ಟನ್ನು ಕಲಿತುಕೊಂಡು ಹೋಗು. ಸ್ಪೇನಿನವರು ಬಂದು ನಾಲ್ಕು ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1975ರಲ್ಲಿ, ಆ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿತು.

ಓಯಾಂತಾಯ್ತಾಂಬೊದಲ್ಲಿ ಸೂರ್ಯ ದೇಗುಲದ ಆರು ಬೃಹತ್ ಬಂಡೆಗಳು ಸಾಲಾಗಿ ನಿಂತಿವೆ. ನದಿಯಾಚೆಯ ಬೆಟ್ಟದ ಗಣಿಯಿಂದ ಅವನ್ನು ಇಳಿಸಿ, ಹೊಳೆ ದಾಟಿಸಿ, ಈಚೆ ಗುಡ್ಡಕ್ಕೆ ಎಳೆದು ತಂದರು. ತರುವಾಗ ದಾರಿಯಲ್ಲೇ ಉಳಿದ ಬಂಡೆಗಳೂ ಇವೆ. ಊರಿನವರು ಅವನ್ನು ‘ದಣಿದ ಕಲ್ಲುಗಳು’ ಅನ್ನುತ್ತಾರೆ. ಇದೇ ಊರಿನಲ್ಲಿ 1537ರಲ್ಲಿ ಮಾಂಕೊ ಇಂಕಾ ಎಂಬ ಅರಸ ಸ್ಪೇನಿನ ಕುದುರೆ ಸೈನ್ಯವನ್ನು ಹಿಮ್ಮೆಟ್ಟಿಸಿದ. ಕಾಲುವೆಗಳನ್ನು ತಿರುಗಿಸಿ ಬಯಲಿಗೆ ನೀರು ನುಗ್ಗಿಸಿದ, ಕುದುರೆಗಳು ಕೆಸರಿನಲ್ಲಿ ಹೂತವು. ಅನ್ನ ಬೆಳೆದ ನೀರೇ ಅವತ್ತು ಊರನ್ನೂ ಕಾಯಿತು. ಹಳೆಯ ಓಣಿಗಳಲ್ಲಿ ಈಗಲೂ ಕಲ್ಲಿನ ಕಾಲುವೆಯಲ್ಲಿ ನೀರು ಹರಿಯುತ್ತದೆ, ಆ ಓಣಿಯ ಮನೆಗಳಲ್ಲಿ ಜನ ಬಾಳುವೆ ಮಾಡುತ್ತಿದ್ದಾರೆ. ರಾತ್ರಿ ಆ ಸದ್ದು ಕೇಳುತ್ತಾ ಮಲಗಿದಾಗ ನನಗೆ ಪರದೇಶ ಅನ್ನಿಸಲಿಲ್ಲ.

ಆಮೇಲೆ ಮಾಚು ಪಿಚುಗೆ ಹೋಗು. ಟಿಕೆಟ್‌ಗೆ ದಿನ, ಹೊತ್ತು, ನಡೆಯುವ ದಾರಿ ಎಲ್ಲ ಮೊದಲೇ ನಿಗದಿಯಾಗಿರುತ್ತದೆ. ತಿಂಗಳುಗಳ ಮೊದಲೇ ಕೊಂಡುಕೊ, ಪಾಸ್‌ಪೋರ್ಟ್ ಕೈಯಲ್ಲಿರಲಿ. 1450ರ ಸುಮಾರಿಗೆ ಪಚಾಕುತಿ ಅರಸ ಕಟ್ಟಿಸಿದ ಊರು ಅದು. ಎರಡು ಶಿಖರಗಳ ನಡುವಿನ ಕಿರಿದಾದ ಏಣಿನ ಮೇಲೆ ನಿಂತಿದೆ, ಮಳೆಯೂ ಹೆಚ್ಚುಕಡಿಮೆ ನಮ್ಮ ಮಲೆನಾಡಿನದೇ, ವರ್ಷಕ್ಕೆ ಸುಮಾರು 2,000 ಮಿಲಿಮೀಟರ್. ಅಂಥ ಕಡೆ ನೀರಿನ ದಾರಿ ತಪ್ಪಿದ್ದರೆ ಊರು ಎಂದೋ ಜಾರಿ ಹೊಳೆಗೆ ಬೀಳಬೇಕಿತ್ತು. ಕೆನೆತ್ ರೈಟ್ ಎಂಬ ಅಮೆರಿಕದ ಜಲ ಎಂಜಿನಿಯರ್ ಅಲ್ಲಿ ವರ್ಷಗಟ್ಟಲೆ ಅಳತೆ ಮಾಡಿದರು. ಒರತೆಯಿಂದ ಊರಿಗೆ ಬರುವ ಕಾಲುವೆ 749 ಮೀಟರ್, ಆ ನೀರು ಒಂದರಿಂದ ಒಂದಕ್ಕೆ ಇಳಿಯುವ 16 ಚಿಲುಮೆಗಳು. ಊರು ಕಟ್ಟಲು ಪಟ್ಟ ಶ್ರಮದಲ್ಲಿ ನೂರಕ್ಕೆ ಸುಮಾರು 60 ಪಾಲು ನೆಲದ ಕೆಳಗಿದೆ ಎಂದು ಅವರ ಅಂದಾಜು. ಅಡಿಪಾಯ, ಜಲ್ಲಿ, ಬಸಿಗಾಲುವೆ. ಕಲ್ಲು ಕೆತ್ತುವಾಗ ಉದುರಿದ ಚೂರುಗಳನ್ನೂ ಎಸೆಯದೆ ನಡುವಿನ ಅಂಗಳದ ಅಡಿಗೆ ತುಂಬಿ ನೀರು ಬಸಿಯಲು ಬಿಟ್ಟರು. 2010ರ ಜನವರಿಯ ಮಳೆಗೆ ಉರುಬಾಂಬಾ ಉಕ್ಕಿ ಕೆಳಗಿನ ರೈಲು ಹಳಿಗಳನ್ನು ಕಿತ್ತುಕೊಂಡು ಹೋಯಿತು, ಸಾವಿರಾರು ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. ಮೇಲಿನ ಹಳೆಯ ಊರು ಮಾತ್ರ ಇದ್ದ ಹಾಗೇ ಇತ್ತು. ಅಲ್ಲಿ ನಿಂತಾಗ ಎಲ್ಲರೂ ಶಿಖರ ನೋಡುತ್ತಾರೆ. ನೀನು ಸ್ವಲ್ಪ ಹೊತ್ತು ಬಗ್ಗಿ ಗೋಡೆಯ ಬುಡದ ತೂಬುಗಳನ್ನು ಹುಡುಕು. ಕಲ್ಲನ್ನು ಮುಟ್ಟಬೇಡ, ಒರಗಬೇಡ. 2000ನೇ ಇಸವಿಯಲ್ಲಿ ಒಂದು ಜಾಹೀರಾತಿನ ಚಿತ್ರೀಕರಣದ ಕ್ರೇನ್ ಬಿದ್ದು ‘ಇಂತಿವಾತಾನ’ ಎಂಬ ಪವಿತ್ರ ಶಿಲೆಯ ಅಂಚು ಒಡೆಯಿತು. ಐನೂರು ವರ್ಷ ಮಳೆ ಗಾಳಿ ಮಾಡದ ಹಾನಿ ಅದು.

ಗೈಡ್ ಯಾರಾದರೂ 1911ರಲ್ಲಿ ಹೈರಮ್ ಬಿಂಗಮ್ ಇದನ್ನು ಕಂಡುಹಿಡಿದ ಅಂದರೆ ಒಪ್ಪಿ ತಲೆಯಾಡಿಸಬೇಡ. ದಾರಿ ತೋರಿಸಿದವನು ಮೆಲ್ಚೋರ್ ಆರ್ತೆಯಾಗಾ ಎಂಬ ಅಲ್ಲಿನ ರೈತ. ಬಿಂಗಮ್ ಹತ್ತಿದ ದಿನ ಮೇಲೆ ರೈತ ಕುಟುಂಬಗಳಿದ್ದವು, ಅವೇ ಇಂಕಾ ಮೆಟ್ಟಿಲುಗಳಲ್ಲಿ ಬೆಳೆ ತೆಗೆಯುತ್ತಿದ್ದವು. ಒಬ್ಬ ಹುಡುಗ ಅವನನ್ನು ಸುತ್ತಾಡಿಸಿ ತೋರಿಸಿದ. ಬಿಂಗಮ್ ಲೋಕಕ್ಕೆ ಸುದ್ದಿ ಮುಟ್ಟಿಸಿದ, ಅದು ಸಣ್ಣ ಕೆಲಸವಲ್ಲ. ಆದರೆ ಅಲ್ಲಿ ಅಗೆದ ವಸ್ತುಗಳು ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿ, ತಿರುಗಿ ಬರುವುದಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಈಗ ಅವು ಕುಸ್ಕೊದ ಕಾಸಾ ಕೊಂಚಾ ಸಂಗ್ರಹಾಲಯದಲ್ಲಿವೆ, ನೋಡಿ ಬಾ.

ನಾಲ್ಕು ದಿನದ ಇಂಕಾ ಕಾಲುದಾರಿಯಲ್ಲೇ ಹೋಗುವ ಮನಸ್ಸಾದರೆ, ನಿನ್ನ ಡೇರೆ, ಪಾತ್ರೆ ಹೊರುವ ಆಳಿನ ಬೆನ್ನ ಮೇಲೆ ಎಷ್ಟು ಭಾರವಿದೆ ಅಂತ ಕೇಳು. 2001ರ ಕಾನೂನು ಒಬ್ಬನ ಹೊರೆಗೆ 20 ಕಿಲೊ ಮಿತಿ ಹಾಕಿತು. ಆ ದಾರಿಯ ಎತ್ತರದ ಕಣಿವೆಬಾಯಿ 4,200 ಮೀಟರಿಗೂ ಮೇಲಿದೆ. ಅಗ್ಗವಾಯಿತು ಅಂತ ಹಿಗ್ಗುವ ಮೊದಲು ಆ ಅಗ್ಗ ಯಾರ ಬೆನ್ನಿನಿಂದ ಬಂತು ಅನ್ನುವುದನ್ನು ತಿಳಿದುಕೊ.

ಆ ಬೆಟ್ಟದ ಜನರ ಒಂದು ಮಾತು ನನ್ನ ಜೊತೆ ಊರಿಗೆ ಬಂತು: ‘ಆಯ್ನಿ’. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ನಮ್ಮ ಕಡೆ ಮುರಿಯಾಳು ಅನ್ನುತ್ತಿದ್ದೆವು, ಬಯಲುಸೀಮೆಯವರು ಮುಯ್ಯಾಳು ಅನ್ನುತ್ತಾರೆ. ನಮ್ಮ ಕೇರಿಯಲ್ಲಿ ಅದು ನಿಂತೇ ಹೋಗಿದೆ. ಅಲ್ಲಿ ಇನ್ನೂ ನಡೆಯುತ್ತಿದೆ. ಕುಸ್ಕೊದ ದಕ್ಷಿಣಕ್ಕೆ, ಅಪುರಿಮಾಕ್ ಹೊಳೆಯ ಮೇಲೆ ಕೆಸ್ವಾಚಾಕಾ ಎಂಬ ತೂಗುಸಂಕವಿದೆ. ಪೂರ್ತಿ ಹುಲ್ಲಿನ ಹಗ್ಗದ್ದು, ಇಂಕಾ ಕಾಲದ ರೀತಿಯಲ್ಲೇ ಹೆಣೆದದ್ದು. ಪ್ರತಿ ಜೂನ್ ತಿಂಗಳಲ್ಲಿ ನಾಲ್ಕು ಹಳ್ಳಿಯ ಜನ ಮನೆಮನೆಯಿಂದ ಹಗ್ಗ ಹೊಸೆದು ತಂದು, ಹಳೆಯದನ್ನು ಕಡಿದು ಹೊಳೆಗೆ ಬಿಟ್ಟು, ಮೂರು ದಿನದಲ್ಲಿ ಹೊಸದನ್ನು ಕಟ್ಟುತ್ತಾರೆ. ನಾಲ್ಕನೆಯ ದಿನ ಹಬ್ಬ. ಕೋವಿಡ್ ಕಾಲದಲ್ಲಿ ಒಂದು ವರ್ಷ ಕಟ್ಟಲಾಗಲಿಲ್ಲ. 2021ರ ಮಾರ್ಚ್‌ನಲ್ಲಿ ಹಳೆಯ ಸಂಕ ಕಳಚಿ ಬಿತ್ತು. ಜೂನ್‌ಗೆ ಮತ್ತೆ ಕಟ್ಟಿದರು. ನಾನು ಹೋದದ್ದು ಅಕ್ಟೋಬರಿನಲ್ಲಿ, ಆ ಕಟ್ಟುವ ಕೆಲಸ ನೋಡಲು ಸಿಗಲಿಲ್ಲ. ಇಲ್ಲಿ ಮಳೆಗಾಲಕ್ಕೆ ಅಡಿಕೆ ದಬ್ಬೆಯ ಕಾಲುಸಂಕ ಕಟ್ಟುವ ಹೊತ್ತಿಗೇ ಅಲ್ಲಿ ಒಣಹವೆಯಲ್ಲಿ ಆ ಕೆಲಸ ನಡೆಯುತ್ತದೆ. ನೀನು ಇನ್ನೂ ವಿಮಾನದ ಟಿಕೆಟ್ ಮಾಡಿಸಿಲ್ಲವಾದರೆ, ಜೂನ್ ಎರಡನೆಯ ವಾರ ಸೇರುವ ಹಾಗೆ ಮಾಡಿಸು.